ಚಕ್ಕುಬಂದಿ ಹಿಡಿದು ಹೊರಟರೆ ವಂಶ ಸಿಗುತ್ತದೆ

ಸೊಸೆಯ ಅಜ್ಜಿ ಕೊಟ್ಟ ವರ್ಜೀನಿಯಾದ ಹಳೆಯ ಕ್ರಯಪತ್ರದ ಪ್ರತಿಯನ್ನು ಓದಲು ಕೂತವಳಿಗೆ ಮೂರನೇ ಸಾಲಿನ ಹೊತ್ತಿಗೆ ನಮ್ಮೂರ ಶ್ಯಾನುಭೋಗರ ದನಿ ಕೇಳಿದಂತಾಯಿತು. ಹಳ್ಳದ ದಂಡೆಯ ಎರಡು ಬಿಳಿ ಓಕ್ ಮರಗಳಿಂದ ಹೊರಟು, ಈಶಾನ್ಯಕ್ಕೆ 120 ಪೋಲ್ ಹೋಗಿ, ಪಕ್ಕದ ಜಮೀನಿನವನ ಎಲ್ಲೆಯಲ್ಲಿ ನಿಂತ ಹಿಕರಿ ಮರ ಮುಟ್ಟಿ, ಅಲ್ಲಿಂದ ತಿರುಗಿ ಮತ್ತೆ ಅದೇ ಓಕ್ ಮರಗಳಿಗೆ. ಇದು ನಮ್ಮ ಚಕ್ಕುಬಂದಿಯೇ. ಅಳತೆ ಕೂಡ ಹೊರಗಿನದಲ್ಲ. ಒಂದು ಪೋಲ್ ಎಂದರೆ 16.5 ಅಡಿ. ಎರಡು ಪೋಲ್ ಸೇರಿದರೆ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ನಮ್ಮ ಗುಂಟೆ. ವರ್ಜೀನಿಯಾದ ಕಣಿವೆಯನ್ನು ಅಳೆದವರೂ ನಮ್ಮ ಮೋಜಿಣಿಯವರೂ ಹಿಡಿದದ್ದು ಒಂದೇ ಸರಪಳಿಯ ಲೆಕ್ಕ.

ಅಮೆರಿಕದಲ್ಲಿ ನೆಲೆಸಿದ ಎಷ್ಟೋ ಕನ್ನಡದ ಮನೆಗಳಿಗೆ ಈಗ ಆ ಕಡೆಯ ಬೀಗರಿದ್ದಾರೆ. ಮೊಮ್ಮಕ್ಕಳು ಶಾಲೆಯಿಂದ ವಂಶವೃಕ್ಷದ ಹಾಳೆ ತರುತ್ತಾರೆ. ನಮ್ಮ ಕಡೆಯ ಕೊಂಬೆಗಳನ್ನು ನಾವು ಬಾಯಲ್ಲೇ ಹೇಳಿ ತುಂಬಿಸುತ್ತೇವೆ, ಇನ್ನೊಂದು ಕಡೆ ‘ಸ್ಕಾಚ್-ಐರಿಷ್’ ಎಂದು ಬರೆದು ಬಿಡುತ್ತೇವೆ. ಮಗುವಿನ ಅರ್ಧ ವಂಶವನ್ನು ಹಾಗೆ ಒಂದೇ ಪದದಲ್ಲಿ ಮುಗಿಸುವುದು ನನಗೆ ಸರಿಕಾಣಲಿಲ್ಲ. ಸೊಸೆಯ ಜೊತೆ ಕೂತು ಹುಡುಕಿದೆ. ಆ ಕೆಲಸದಲ್ಲಿ ಕೈಗೆ ಹತ್ತಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು, ಇವರು ಯಾರು? ಸ್ಕಾಟ್ಲೆಂಡಿನ ತಗ್ಗುಸೀಮೆಯ ಒಕ್ಕಲುಗಳನ್ನು 17ನೇ ಶತಮಾನದ ಆರಂಭದಲ್ಲಿ, ದೊರೆ ಒಂದನೇ ಜೇಮ್ಸನ ಕಾಲದಲ್ಲಿ, ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತ್ಯಕ್ಕೆ ತಂದು ಕೂರಿಸಿದರು. ಹೆಚ್ಚಿನವರು ಪ್ರೆಸ್ಬಿಟೀರಿಯನ್ ಪಂಥದವರು. ನೂರು ವರ್ಷ ಕಳೆಯುವಷ್ಟರಲ್ಲಿ ಗೇಣಿಯ ಅವಧಿ ಮುಗಿದು ಧಣಿಗಳು ಗೇಣಿ ಏರಿಸಿದರು. ಮಳೆ ಕೈಕೊಟ್ಟಿತು. ತಮ್ಮದಲ್ಲದ ಆಂಗ್ಲಿಕನ್ ಚರ್ಚಿಗೆ ದಶಾಂಶ ಕಟ್ಟಬೇಕಿತ್ತು. 1704ರ ಕಾನೂನು ಸರ್ಕಾರಿ ಹುದ್ದೆಗಳ ಬಾಗಿಲನ್ನೂ ಮುಚ್ಚಿತ್ತು. 1717–18ರಿಂದ 1775ರವರೆಗೆ ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಆ ಹಡಗುಗಳ ಕಥೆಯೂ ವ್ಯಾಪಾರದ್ದೇ. ಅಲ್ಸ್ಟರಿನ ಲಿನನ್ ನೇಯ್ಗೆಗೆ ಬೇಕಾದ ಅಗಸೆ ಬೀಜ ಫಿಲಡೆಲ್ಫಿಯಾದಿಂದ ಬರುತ್ತಿತ್ತು, ಬೀಜ ಇಳಿಸಿದ ಹಡಗು ಜನರನ್ನು ತುಂಬಿಕೊಂಡು ಮರಳುತ್ತಿತ್ತು. ಫಿಲಡೆಲ್ಫಿಯಾ, ನ್ಯೂಕ್ಯಾಸಲ್‌ಗಳಲ್ಲಿ ಇಳಿದವರು ಪಶ್ಚಿಮಕ್ಕೆ ಸರಿದರು. ಮುಂದೆ ‘ಗ್ರೇಟ್ ವ್ಯಾಗನ್ ರೋಡ್’ ಎಂಬ ಬಂಡಿಜಾಡು ಹಿಡಿದು ಶೆನಾಂಡೋವಾ ಕಣಿವೆಗೆ, ಅಲ್ಲಿಂದ ಕ್ಯಾರೊಲೈನಾಗಳಿಗೆ ಇಳಿದರು.

ಹುಡುಕಲು ಹೊರಟವರೆಲ್ಲ ಮೊದಲು ಕೇಳುವುದು ಹಡಗಿನ ಪಟ್ಟಿಯನ್ನು. ಅದರ ಹಿಂದೆ ಹೋಗಿ ತಿಂಗಳುಗಟ್ಟಲೆ ಕಳೆಯಬೇಡಿ. ಪೆನ್ಸಿಲ್ವೇನಿಯಾದಲ್ಲಿ 1727ರಿಂದ ಜರ್ಮನ್ ವಲಸಿಗರ ಪಟ್ಟಿ ಮಾಡಿಸಿದರು, ಏಕೆಂದರೆ ಅವರು ಪರದೇಶದ ಪ್ರಜೆಗಳು. ಅಲ್ಸ್ಟರಿನವರು ಬ್ರಿಟಿಷ್ ದೊರೆಯ ಪ್ರಜೆಗಳು. ಒಂದೇ ರಾಜ್ಯದೊಳಗೆ ಊರು ಬದಲಾಯಿಸಿದಂತೆ ಬಂದವರ ಹೆಸರು ಬರೆದುಕೊಳ್ಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಪ್ರಯಾಣಿಕರ ಪಟ್ಟಿ ಕೊಡಬೇಕೆಂಬ ಅಮೆರಿಕದ ಕಾನೂನು ಬಂದದ್ದು 1819ರಲ್ಲಿ. ಆದ್ದರಿಂದ ಸಮುದ್ರದ ಮಾತು ಕೊನೆಗಿರಲಿ, ಕೆಲಸ ಇಂದಿನಿಂದ ಹಿಂದಕ್ಕೆ ನಡೆಯಲಿ.

ಮನೆಯ ಹಿರಿಯರಿಂದಲೇ ಶುರುಮಾಡಿ. ಅವರ ಎದುರು ಫೋಟೋಗಳನ್ನು ಹರಡಿ, ಯಾರು, ಯಾವ ಊರು, ಯಾರ ಮದುವೆ ಎಂದು ಕೇಳಿ, ಫೋಟೋದ ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ಜನಗಣತಿ. 1950ರ ಅಮೆರಿಕನ್ ಜನಗಣತಿ 72 ವರ್ಷದ ಗೌಪ್ಯತೆ ಮುಗಿದು 2022ರಲ್ಲಿ ತೆರೆದಿದೆ, ಅಲ್ಲಿಂದ ಹತ್ತು ಹತ್ತು ವರ್ಷ ಹಿಂದಕ್ಕೆ ಬನ್ನಿ. 1880ರಲ್ಲಿ ಯಜಮಾನನಿಗೆ ಯಾರು ಏನಾಗಬೇಕು ಎಂಬುದೂ ತಂದೆತಾಯಿ ಹುಟ್ಟಿದ ಸ್ಥಳವೂ ಇದೆ. 1890ರ ಪಟ್ಟಿ 1921ರ ಬೆಂಕಿಯಲ್ಲಿ ಹಾಳಾಯಿತು, ಆ ಇಪ್ಪತ್ತು ವರ್ಷದ ಕಂದಕವನ್ನು ಪತ್ರಿಕೆಯ ನಿಧನ ವಾರ್ತೆ, ಸಮಾಧಿ ಕಲ್ಲುಗಳಿಂದ ದಾಟಬೇಕು. 1850ರಿಂದ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರಿದೆ. ಅದಕ್ಕೂ ಹಿಂದೆ, 1790ರವರೆಗೆ, ಯಜಮಾನನ ಹೆಸರೊಂದೇ. ಉಳಿದವರು ಬರಿಯ ಎಣಿಕೆ.

1850ರ ಆಚೆಗೆ ಹೋದೊಡನೆ ಹೆಸರೆಂಬ ಆಸರೆ ಕುಸಿಯುತ್ತದೆ. ಒಂದೇ ಕೌಂಟಿಯಲ್ಲಿ ನಾಲ್ವರು ಜಾನ್ ಕ್ಯಾಂಬೆಲ್‌ಗಳು ಇರಬಹುದು, ನಾಲ್ವರಿಗೂ ಮೇರಿ ಎಂಬ ಹೆಂಡತಿ ಇರಬಹುದು. ಹೆಸರು ಹಿಡಿದು ಹೋದವನು ಯಾರದೋ ಅಜ್ಜನನ್ನು ತನ್ನ ಅಜ್ಜನೆಂದು ಮನೆಗೆ ತರುತ್ತಾನೆ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ವಂಶವೃಕ್ಷಗಳಲ್ಲಿ ಈ ತಪ್ಪು ಒಬ್ಬರಿಂದೊಬ್ಬರಿಗೆ ನಕಲಾಗುತ್ತಲೇ ಇದೆ. ಇಲ್ಲಿಂದ ಮುಂದೆ ನೆಲ ಹಿಡಿದು ಹೋಗಬೇಕು. ಇಬ್ಬರು ಜಾನರಿಗೆ ಒಂದೇ ಹೆಸರಿರಬಹುದು, ಇಬ್ಬರಿಗೂ ಅದೇ ಹಳ್ಳದ ದಂಡೆ, ಅದೇ ಓಕ್ ಮರ, ಅದೇ ನೆರೆಯವರು ಇರಲಾರರು.

ಒಂದು ಮನೆತನದ ಉದಾಹರಣೆ

ಎಲ್ಲರಿಗೂ ತೆರೆದಿರುವ ಒಂದು ದಾಖಲೆಯ ಮನೆತನವನ್ನು ನೋಡೋಣ. 1702ರಲ್ಲಿ ಹುಟ್ಟಿದ ಥಾಮಸ್ ಮೆಕಾರ್ಮಿಕ್ 1730ರ ದಶಕದಲ್ಲಿ ಅಲ್ಸ್ಟರಿನಿಂದ ಪೆನ್ಸಿಲ್ವೇನಿಯಾಕ್ಕೆ ಬಂದು ಪ್ಯಾಕ್ಸ್‌ಟಾಂಗ್ ಎಂಬಲ್ಲಿ ನೆಲ ಹಿಡಿದ. ಅವನ ಮಗ ರಾಬರ್ಟ್ (1738–1818) ಕಣಿವೆಯ ಜಾಡಿನಲ್ಲೇ ದಕ್ಷಿಣಕ್ಕೆ ಇಳಿದು ವರ್ಜೀನಿಯಾದ ರಾಕ್‌ಬ್ರಿಜ್ ಕೌಂಟಿ ಸೇರಿದ. ಅವನ ಮಗನೂ ರಾಬರ್ಟ್ (1780–1846). ಈ ಎರಡನೇ ರಾಬರ್ಟನ ಮಗನೇ ಸೈರಸ್ ಮೆಕಾರ್ಮಿಕ್ (1809–1884), 1831ರಲ್ಲಿ ಪೈರು ಕೊಯ್ಯುವ ಯಂತ್ರವನ್ನು ಹೊಲಕ್ಕಿಳಿಸಿ ತೋರಿಸಿದವನು. 1847ರಲ್ಲಿ ಅವನು ಶಿಕಾಗೊದಲ್ಲಿ ಕಾರ್ಖಾನೆ ಹಾಕಿದ, ತಮ್ಮಂದಿರಾದ ವಿಲಿಯಂ, ಲಿಯಾಂಡರ್ ಜೊತೆಗೂಡಿದರು. ವಿಲಿಯಂನ ಮೊಮ್ಮಗ ಇನ್ನೊಬ್ಬ ರಾಬರ್ಟ್ (1880–1955) ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಒಡೆಯ. ಆರು ತಲೆಮಾರು, ಮೂರು ರಾಜ್ಯ. ನೇಗಿಲಿನಿಂದ ಹೊರಟ ಮನೆ ಅಚ್ಚುಯಂತ್ರದವರೆಗೆ ಬಂತು. ಈ ಮನೆತನದ ಕಂಪನಿ 1902ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಆಯಿತು, ಅದೇ ಕಂಪನಿ 1963ರಲ್ಲಿ ಮಹೀಂದ್ರಾ ಜೊತೆ ಸೇರಿ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಸಿತು. ನಮ್ಮ ಹಳ್ಳಿಗಳಲ್ಲಿ ಉತ್ತ ಬಿ-275 ಆ ಕೂಡಿಕೆಯದೇ ಸಂತಾನ.

ಈ ಒಂದು ಮನೆತನ ಹುಡುಕುವವರಿಗೆ ಕಲಿಸುವುದು ಬಹಳ. ಮೊದಲನೆಯದು, ಕಚೇರಿ ಯಾವುದು ಎಂಬ ಪ್ರಶ್ನೆ. ಪ್ಯಾಕ್ಸ್‌ಟಾಂಗ್ ಈಗ ಡಾಫಿನ್ ಕೌಂಟಿಯಲ್ಲಿದೆ, ಆದರೆ ಆ ಕೌಂಟಿ ಹುಟ್ಟಿದ್ದು 1785ರಲ್ಲಿ. ಥಾಮಸನ ಕಾಲದ ಕಾಗದ ಲ್ಯಾಂಕಾಸ್ಟರ್ ಕಚೇರಿಯಲ್ಲಿ. ರಾಕ್‌ಬ್ರಿಜ್ 1778ರಲ್ಲಿ ಆಗಸ್ಟಾ, ಬಾಟಟಾಟ್ ಕೌಂಟಿಗಳಿಂದ ಒಡೆದದ್ದು, ಅದಕ್ಕೆ ಹಿಂದಿನದನ್ನು ಅಲ್ಲೇ ನೋಡಬೇಕು. ಹೊಲ ನಿಂತಲ್ಲೇ ನಿಂತಿತ್ತು, ಕಚೇರಿ ಮಾತ್ರ ಓಡಾಡಿತು. ಹೊಸ ತಾಲ್ಲೂಕು ಆದಾಗ ಹಳೆಯ ಪತ್ರಕ್ಕೆ ಹಳೆಯ ತಾಲ್ಲೂಕಿಗೇ ಅಲೆದ ಅನುಭವ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಕುವ ಮುನ್ನ ಆ ಕೌಂಟಿ ಯಾವ ವರ್ಷ, ಯಾವುದರಿಂದ ಒಡೆದು ಬಂತು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯದು, ಮತ್ತೆ ಮತ್ತೆ ಬರುವ ‘ರಾಬರ್ಟ್’. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ತಂದೆಯದು. ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯದು. ಸ್ಕಾಟ್ ಮೂಲದ ಮನೆಗಳಲ್ಲಿ ಈ ರೂಢಿ ಬಹಳ ಕಾಣುತ್ತದೆ. ಅಜ್ಜನ ಹೆಸರಿಡುವ ನಮಗೆ ಇದು ಆಪ್ತವೆನಿಸುತ್ತದೆ. ಆದರೆ ಇದನ್ನು ಸುಳಿವೆಂದು ಹಿಡಿಯಿರಿ, ಸಾಕ್ಷ್ಯವೆಂದಲ್ಲ. ಮನೆಯ ಎರಡನೇ ಮಗನಿಗೆ ಅಪರೂಪದ ಹೆಸರಿದ್ದರೆ, ಅದೇ ಹೆಸರಿನ ಹಿರಿಯನೊಬ್ಬ ಪಕ್ಕದ ಜಮೀನಿನಲ್ಲಿ ಇದ್ದಾನೆಯೇ ನೋಡಿ. ತಾಯಿಯ ತವರು ಅಲ್ಲೇ ಇರಬಹುದು.

ಮೂರನೆಯದು ಮುದ್ರಿತ ವಂಶಾವಳಿಗಳ ವಿಷಯ. ಲಿಯಾಂಡರ್ ಮೆಕಾರ್ಮಿಕ್ 1896ರಲ್ಲಿ ತನ್ನ ಮನೆತನದ ದಾಖಲೆಯನ್ನು ಪುಸ್ತಕವಾಗಿ ತಂದ. ಕೊಯ್ಲು ಯಂತ್ರ ಅಣ್ಣನದಲ್ಲ, ಅಪ್ಪನ ಕಲ್ಪನೆ ಎಂಬುದು ಅವನ ವಾದ. ಅಣ್ಣತಮ್ಮಂದಿರ ಈ ಜಗಳ ಗೊತ್ತಿಲ್ಲದೆ ಆ ಪುಸ್ತಕ ಓದಿದರೆ ಅರ್ಧ ಮಾತ್ರ ಓದಿದಂತೆ. ವಂಶಾವಳಿ ಬರೆದವರಿಗೂ ಒಂದು ಪಕ್ಷ ಇರುತ್ತದೆ. ಅದರಲ್ಲಿನ ಪ್ರತಿ ಹೆಸರನ್ನೂ ಉಯಿಲು, ಕ್ರಯಪತ್ರಗಳ ಎದುರಿಗಿಟ್ಟು ನೋಡಬೇಕು. ಇನ್ನೊಂದು ಮಾತು: ಈ ವರ್ಜೀನಿಯಾ ಮನೆತನದ ಕಾಗದಗಳ ದೊಡ್ಡ ಸಂಗ್ರಹ ಇರುವುದು ವರ್ಜೀನಿಯಾದಲ್ಲಲ್ಲ, ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ. ಕಾಗದ ಎಲ್ಲಿದೆ ಎಂದು ತಿಳಿಯಲು ಕೊನೆಯ ವಾರಸುದಾರರು ಅದನ್ನು ಯಾರಿಗೆ ಕೊಟ್ಟರು ಎಂದು ಕೇಳಬೇಕು.

ಪತ್ರ ಓದುವ ಬಗೆ

ಕ್ರಯಪತ್ರ ಸಿಕ್ಕಾಗ ಮಾರಿದವ, ಕೊಂಡವ ಇಬ್ಬರನ್ನು ಬರೆದುಕೊಂಡು ಎದ್ದುಬಿಡಬೇಡಿ. ಎಲ್ಲೆಯಲ್ಲಿ ಬರುವ ನೆರೆಯವರು, ಸಾಕ್ಷಿ ಹಾಕಿದವರು, ಮೋಜಿಣಿಯ ದಿನ ಸರಪಳಿ ಹಿಡಿದವರು, ಎಲ್ಲರ ಹೆಸರೂ ಬೇಕು. ಸರಪಳಿ ಹಿಡಿಯಲು ದೂರದವರು ಯಾಕೆ ಬರುತ್ತಾರೆ? ಅವರು ಬಹುಮಟ್ಟಿಗೆ ಮಗ, ಅಳಿಯ, ಭಾವಮೈದ, ಪಕ್ಕದ ಹೊಲದವ. ಈ ಜನ ಒಂಟಿಯಾಗಿ ಅಲೆದವರಲ್ಲ. 1772ರಲ್ಲಿ ವಿಲಿಯಂ ಮಾರ್ಟಿನ್ ಎಂಬ ಪಾದ್ರಿಯ ಮುಂದಾಳ್ತನದಲ್ಲಿ ಐದು ಹಡಗು ತುಂಬ ಜನ ಅಲ್ಸ್ಟರಿನಿಂದ ದಕ್ಷಿಣ ಕ್ಯಾರೊಲೈನಾಕ್ಕೆ ಹೋದರು. ಹಳೆಯ ಊರಿನ ನೆರೆಯವರೇ ಹೊಸ ಊರಿನಲ್ಲೂ ನೆರೆಯವರಾಗುತ್ತಿದ್ದರು. ನಿಮ್ಮವನ ಜಾಡು ತಪ್ಪಿದರೆ ಅವನ ನೆರೆಯವನ ಜಾಡು ಹಿಡಿಯಿರಿ.

ಕೊಂಡ ಪತ್ರವೇ ಇಲ್ಲದ ಜಮೀನನ್ನು ಒಬ್ಬ ಮಾರುತ್ತಿದ್ದಾನೆ ಎನ್ನಿ. ಅದು ಬಂದದ್ದು ಪಿತ್ರಾರ್ಜಿತವಾಗಿ ಇರಬಹುದು. ವಸಾಹತು ಕಾಲದ ವರ್ಜೀನಿಯಾದಲ್ಲಿ ಉಯಿಲು ಬರೆಯದೆ ಸತ್ತವನ ಜಮೀನು ಹಿರಿಯ ಮಗನಿಗೇ ಹೋಗುತ್ತಿತ್ತು. ಈ ಪದ್ಧತಿಯನ್ನು ತೆಗೆದ ಕಾನೂನು 1785ರದು. ಹಾಗಾಗಿ ಅದಕ್ಕೂ ಹಿಂದೆ ಹೀಗೆ ಮಾರಿದವ ಹಿರಿಮಗನಾಗಿರುವ ಸಾಧ್ಯತೆ ಹೆಚ್ಚು. ವರ್ಜೀನಿಯಾದಲ್ಲಿ 1782ರಿಂದ ವರ್ಷವರ್ಷದ ತೆರಿಗೆ ಪಟ್ಟಿಗಳೂ ಇವೆ. ಒಂದು ವರ್ಷ ತಂದೆಯ ಹೆಸರಿನ ಕೆಳಗೆ ಹೊಸ ಗಂಡುಹೆಸರು ಮೂಡುತ್ತದೆ, ಇನ್ನೊಂದು ವರ್ಷ ತಂದೆಯ ಜಾಗದಲ್ಲಿ ವಿಧವೆಯ ಹೆಸರು ಬರುತ್ತದೆ. ಹುಟ್ಟು ಸಾವುಗಳ ನೋಂದಣಿ ವರ್ಜೀನಿಯಾದಲ್ಲಿ 1853ರಿಂದ 1896ರವರೆಗೆ ನಡೆದು ನಿಂತು 1912ರಲ್ಲಿ ಮತ್ತೆ ಶುರುವಾಯಿತು. ಪೆನ್ಸಿಲ್ವೇನಿಯಾದಲ್ಲಿ ಅದು ರಾಜ್ಯಮಟ್ಟಕ್ಕೆ ಬಂದದ್ದು 1906ರಲ್ಲಿ. ಅದಕ್ಕೂ ಹಿಂದೆ ಈ ತೆರಿಗೆ ಪಟ್ಟಿಯೇ ನಮಗೆ ಜನನ ಮರಣ ಪತ್ರ.

ಹೆಣ್ಣುಮಕ್ಕಳ ಎಳೆ ಬಿಡಬೇಡಿ. ವಂಶ ಹುಡುಕುವವರು ಹೆಚ್ಚು ಸೋಲುವುದು ಇಲ್ಲಿ, ನಾನು ಹೆಚ್ಚು ಹೊತ್ತು ಕೂತದ್ದೂ ಇಲ್ಲೇ. ಮದುವೆಯಾದ ಮಗಳ ಹೆಸರು ಬದಲಾಗುತ್ತದೆ, ಅವಳ ಮಕ್ಕಳು ಬೇರೆ ಹೆಸರಿನಲ್ಲಿ ಬೆಳೆಯುತ್ತಾರೆ, ವಂಶವೃಕ್ಷದಲ್ಲಿ ಆ ಕೊಂಬೆ ಮೊಟಕಾಗುತ್ತದೆ. ಆದರೆ ಗಂಡನ ಜಮೀನಿನಲ್ಲಿ ಮೂರನೇ ಒಂದು ಭಾಗದ ಮೇಲೆ ಹೆಂಡತಿಗೆ ಜೀವಮಾನದ ಹಕ್ಕಿತ್ತು. ಗಂಡ ಮಾರಬೇಕಾದರೆ ಅವಳು ಆ ಹಕ್ಕು ಬಿಟ್ಟುಕೊಡಬೇಕು. ಅದಕ್ಕೆ ಅವಳನ್ನು ಗಂಡನಿಂದ ದೂರ ಕೂರಿಸಿ, ಇದು ನಿನ್ನ ಸ್ವಂತ ಒಪ್ಪಿಗೆಯೇ ಎಂದು ಕೇಳುತ್ತಿದ್ದರು. ಪತ್ರದ ಕೊನೆಯಲ್ಲಿ ಗುಮಾಸ್ತ ಬರೆದ ಆ ನಾಲ್ಕು ಸಾಲಿನಲ್ಲಿ ಅವಳ ಹೆಸರು ಇರುತ್ತದೆ, ಪಕ್ಕದಲ್ಲಿ ಕೆಲವೊಮ್ಮೆ ಅವಳೇ ಹಾಕಿದ ಒಂದು ಗೀಟು. ಸೊಸೆಯ ಮನೆಯ ಪತ್ರದಲ್ಲೂ ಹಾಗೊಂದು ಗೀಟಿತ್ತು, ನಡುಗುವ ಕೈಯ ಒಂದು ‘ಎಂ’. ಆ ಅಕ್ಷರದ ಮೇಲೆ ಸೊಸೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದಳು.

ಇದಕ್ಕಿಂತ ದೊಡ್ಡ ನಿಧಿ ಪಾಲಿನ ವ್ಯಾಜ್ಯಗಳು. ಯಜಮಾನ ಸತ್ತ ಮೇಲೆ ಜಮೀನು ಹಂಚಲಾಗದೆ ಕೋರ್ಟಿಗೆ ಹೋದಾಗ ಪ್ರತಿ ವಾರಸುದಾರರ ಹೆಸರೂ ಬರೆಯಲೇಬೇಕು: ಯಾವ ಮಗಳು ಯಾರನ್ನು ಮದುವೆಯಾದಳು, ಸತ್ತ ಮಗನ ಮಕ್ಕಳು ಯಾರು, ಯಾರು ಕೆಂಟಕಿಗೆ ಹೋದರು, ಯಾರು ಮಿಸೌರಿಗೆ. ನಮ್ಮ ಪಾಲುಪಟ್ಟಿಗೆ ಲಗತ್ತಿಸುವ ವಂಶವೃಕ್ಷದ ಹಾಗೆ. ವರ್ಜೀನಿಯಾದ ರಾಜ್ಯ ಗ್ರಂಥಾಲಯ ಇಂಥ ಚಾನ್ಸರಿ ಮೊಕದ್ದಮೆಗಳ ಕಡತಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ತೆರೆದಿಟ್ಟಿದೆ. ಆಗಸ್ಟಾ ಕೌಂಟಿಯದೂ ಅದರಲ್ಲಿದೆ. ಆಗಸ್ಟಾದ 1745ರಿಂದ 1800ರವರೆಗಿನ ಕೋರ್ಟ್ ದಾಖಲೆಗಳ ಸಾರವನ್ನು ಲೈಮನ್ ಚಾಕ್ಲಿ 1912ರಲ್ಲಿ ಮೂರು ಸಂಪುಟಗಳಲ್ಲಿ ತಂದಿದ್ದಾರೆ. ಮೊದಲು ಅದನ್ನು ನೋಡಿ, ಆಮೇಲೆ ಮೂಲಕ್ಕೆ ಹೋಗಿ. ಸಾರದಲ್ಲಿ ಬಿಟ್ಟುಹೋದದ್ದು ಮೂಲದಲ್ಲಿರುತ್ತದೆ.

ಹೆಸರಿನ ಅಕ್ಷರಗಳ ಬಗ್ಗೆ ಹಟ ಬೇಡ. ಮ್ಯಾಕ್, ಮೆಕ್, ಬರಿಯ ಎಂ ಪಕ್ಕದಲ್ಲೊಂದು ಚುಕ್ಕಿ, ಎಲ್ಲವೂ ಒಂದೇ. ಮೆಕಾರ್ಮಿಕ್, ಮೆಕಾರ್ಮ್ಯಾಕ್ ಎಂದು ಗುಮಾಸ್ತನ ಕಿವಿಗೆ ಬಿದ್ದಂತೆ ಬರೆದದ್ದು. ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ ಖಾತೆ ತೆರೆದರೆ ಊರಿನಲ್ಲಿ ಕೂತೇ ಎಷ್ಟೋ ಪುಟ ನೋಡಬಹುದು. ಕೈಬರಹವನ್ನು ಯಂತ್ರವೇ ಓದಿ ಹುಡುಕಿಕೊಡುವ ಸೌಲಭ್ಯ 2024ರಿಂದ ಅಲ್ಲಿದೆ. ಸೂಚಿಯಲ್ಲಿ ಬಾರದ ಸಾಕ್ಷಿಗಳು, ನೆರೆಯವರು ಅದರಲ್ಲಿ ಸಿಗುತ್ತಾರೆ.

ಯುದ್ಧದ ಪಿಂಚಣಿ ಕಡತವನ್ನು ಮರೆಯಬೇಡಿ. ಅಮೆರಿಕನ್ ಕ್ರಾಂತಿಯಲ್ಲಿ ಹೋರಾಡಿದ ಮುದುಕರು 1832ರ ಕಾನೂನಿನಡಿ ಕೋರ್ಟಿಗೆ ಬಂದು, ಎಲ್ಲಿ ಹುಟ್ಟಿದೆ, ಯಾರ ಕೈಕೆಳಗೆ ಕಾದಿದೆ, ಆಮೇಲೆ ಎಲ್ಲೆಲ್ಲಿ ಬಾಳಿದೆ ಎಂದು ಪ್ರಮಾಣ ಮಾಡಿ ಹೇಳಿದರು. 1836ರ ಕಾನೂನು ವಿಧವೆಯರಿಗೂ ದಾರಿ ಮಾಡಿತು. ಮದುವೆಗೆ ಪುರಾವೆ ಎಲ್ಲಿಂದ ತರುವುದು? ಮನೆಯ ಬೈಬಲಿನಲ್ಲಿ ಮಕ್ಕಳ ಹುಟ್ಟು ಬರೆದಿಟ್ಟ ಹಾಳೆಯನ್ನೇ ಹರಿದು ಲಗತ್ತಿಸಿದವರಿದ್ದಾರೆ. ಮನೆಯಲ್ಲಿ ಬೈಬಲ್ ಇದೆ, ಹಾಳೆ ಮಾತ್ರ ಕಾಣೆಯಾಗಿದೆ ಎಂದಾದರೆ, ಅದು ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇದೆಯೇ ನೋಡಿ.

ಸಮುದ್ರದ ಆಚೆ

ಇಷ್ಟೆಲ್ಲ ಆದ ಮೇಲೆ ಅಲ್ಸ್ಟರ್. ಇಲ್ಲಿ ಕೈಗೆ ಬೇಕಾದದ್ದು ಕುಟುಂಬದ ಹೆಸರಿಗಿಂತ ಟೌನ್‌ಲ್ಯಾಂಡ್ ಎಂಬ ಸಣ್ಣ ನೆಲವಿಭಾಗದ ಹೆಸರು. ಐರ್ಲೆಂಡಿನಲ್ಲಿ ಇಂಥವು 60,000ಕ್ಕೂ ಹೆಚ್ಚು. ಆ ಹೆಸರು ಸಮಾಧಿ ಕಲ್ಲಿನಲ್ಲೋ, ಉಯಿಲಿನಲ್ಲೋ, ಹೊಸ ಊರಿಗೆ ಬರುವಾಗ ಹಳೆಯ ಚರ್ಚು ಕೊಟ್ಟ ನಡತೆಪತ್ರದಲ್ಲೋ ಸಿಕ್ಕರೆ ಪುಣ್ಯ. ಅದಿಲ್ಲದೆ ಬೆಲ್‌ಫಾಸ್ಟಿಗೆ ಟಿಕೆಟ್ ತೆಗೆಯಬೇಡಿ.

1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆಗಳ ಮನೆ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು. ಶತಮಾನಗಳ ಉಯಿಲುಗಳು, 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ ಬೂದಿಯಾಯಿತು. ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ. ಬೆಲ್‌ಫಾಸ್ಟಿನಲ್ಲಿರುವ ಉತ್ತರ ಐರ್ಲೆಂಡಿನ ಸರ್ಕಾರಿ ದಾಖಲಾಲಯದಲ್ಲಿ ಧಣಿಗಳ ಗೇಣಿ ಪುಸ್ತಕಗಳೂ ಚರ್ಚಿನ ಪ್ರತಿಗಳೂ ಇವೆ. 1660ರ ದಶಕದ ಒಲೆತೆರಿಗೆ ಪಟ್ಟಿ, 1740ರ ಪ್ರಾಟೆಸ್ಟೆಂಟ್ ಮನೆಯಜಮಾನರ ಪಟ್ಟಿ, 1766ರ ಧರ್ಮಗಣತಿ ಬಿಡಿಬಿಡಿಯಾಗಿ ಉಳಿದಿವೆ. ನನಗೆ ಇವುಗಳಲ್ಲಿ ಪ್ರಿಯವಾದದ್ದು 1796ರ ಅಗಸೆ ಬೆಳೆಗಾರರ ಪಟ್ಟಿ. ಒಂದು ಎಕರೆ ಅಗಸೆ ಬಿತ್ತಿದವರಿಗೆ ನಾಲ್ಕು ರಾಟೆ, ಐದು ಎಕರೆ ಬಿತ್ತಿದವರಿಗೆ ಒಂದು ಮಗ್ಗ ಬಹುಮಾನ. ಆ ಬಹುಮಾನದ ಪಟ್ಟಿಯಲ್ಲಿ ಸುಮಾರು 60,000 ಹೆಸರಿವೆ. ನಿಮ್ಮವರು ಆಗಲೇ ಅಮೆರಿಕ ಸೇರಿದ್ದರೂ ಊರಲ್ಲಿ ಉಳಿದ ಅಣ್ಣತಮ್ಮಂದಿರ ಮಕ್ಕಳು ಅದರಲ್ಲಿರಬಹುದು, ಹೆಸರು ಯಾವ ಪ್ಯಾರಿಷ್‌ನಲ್ಲಿ ಹೆಚ್ಚು ಎಂಬುದಾದರೂ ತಿಳಿಯುತ್ತದೆ.

ಡಿಎನ್‌ಎ ಪರೀಕ್ಷೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಸಾಮಾನ್ಯ ಪರೀಕ್ಷೆ ನಾಲ್ಕೈದು ತಲೆಮಾರಿನೊಳಗೆ ಬಲವಾಗಿ ಮಾತಾಡುತ್ತದೆ. ಮುತ್ತಜ್ಜನ ಅಜ್ಜನಲ್ಲಿ ಸೇರುವ ನಾಲ್ಕನೇ ಮಟ್ಟದ ದಾಯಾದಿಗಳಲ್ಲೇ ಸುಮಾರು ಅರ್ಧದಷ್ಟು ಜೋಡಿಗಳಿಗೆ ಹೊಂದಿಕೆ ಕಾಣುವುದಿಲ್ಲ. 1735ರ ವಲಸಿಗನನ್ನು ಅದರಿಂದ ಹಿಡಿಯಲಾಗದು. ತಂದೆಯಿಂದ ಮಗನಿಗೆ ಇಳಿಯುವ ವೈ-ಡಿಎನ್‌ಎ ಬೇರೆ. ಒಂದೇ ಕುಲನಾಮದ ಇಬ್ಬರು ಗಂಡಸರು ಒಂದೇ ಬೇರಿನವರೇ ಎಂಬುದನ್ನು ಅದು ಹೇಳಬಲ್ಲದು. ಯಾರಿಂದಲಾದರೂ ಎಂಜಲು ಪಡೆಯುವ ಮುನ್ನ ಮನೆಯವರು ಬಯಸದ ಸತ್ಯವೂ ಹೊರಬರಬಹುದೆಂದು ತಿಳಿಸಿ ಒಪ್ಪಿಗೆ ಕೇಳಿ. ಬದುಕಿರುವವರ ಹೆಸರು, ಹುಟ್ಟಿದ ದಿನ, ವಿಳಾಸವನ್ನು ಹೊರಗೆ ಹಾಕಬೇಡಿ.

ಕೊನೆಯದಾಗಿ ಒಂದು ವಿಷಯ, ನನಗೆ ತುಂಬ ಮುಖ್ಯವಾದದ್ದು. ಮೆಕಾರ್ಮಿಕ್‌ರ ಜಮೀನಿನಲ್ಲಿ ಸೈರಸ್‌ನ ಜೊತೆ ಕೊಯ್ಲು ಯಂತ್ರ ಕಟ್ಟಿದವರಲ್ಲಿ ಜೋ ಆಂಡರ್ಸನ್ ಎಂಬ ಗುಲಾಮನೂ ಇದ್ದ. ಸ್ಕಾಚ್-ಐರಿಷ್ ಮನೆಗಳ ಉಯಿಲು, ಆಸ್ತಿ ಪಟ್ಟಿಗಳನ್ನು ತೆರೆದರೆ ಕುದುರೆ, ಕಬ್ಬಿಣದ ಕಡಾಯಿಗಳ ನಡುವೆ ಇಂಥವರ ಹೆಸರು, ಎದುರಿಗೆ ಬೆಲೆ ಇರುತ್ತದೆ. 1850, 1860ರ ಗಣತಿಯ ಗುಲಾಮರ ಪಟ್ಟಿಯಲ್ಲಿ ಅವರಿಗೆ ವಯಸ್ಸು, ಲಿಂಗ, ಬಣ್ಣ ಉಂಟು, ಹೆಸರಿಲ್ಲ. ಅವರಲ್ಲಿ ಹೆಚ್ಚಿನವರ ಹೆಸರು ಗಣತಿಗೆ ಬಂದದ್ದು 1870ರಲ್ಲಿ. ಅವರ ಮರಿಮಕ್ಕಳು ಇಂದು ಹುಡುಕುತ್ತಾ ಬಂದು ಆ ವರ್ಷದ ಎದುರು ನಿಂತುಬಿಡುತ್ತಾರೆ. ಅದರಾಚೆಗೆ ಅವರಿಗೆ ಬೇಕಾದ ಹೆಸರು ಇರುವುದು ನಿಮ್ಮ ಬೀಗರ ಮನೆಯ ಉಯಿಲಿನಲ್ಲಿ. ಸೊಸೆ ತನ್ನ ಹಿರಿಯರ ಆಸ್ತಿ ಪಟ್ಟಿಯಿಂದ ಅಂಥ ಐದು ಹೆಸರನ್ನು ಬೇರೆ ಹಾಳೆಗೆ ಇಳಿಸಿದಳು. ಪಕ್ಕದಲ್ಲಿ ಪುಸ್ತಕದ ಸಂಖ್ಯೆ, ಪುಟ, ವರ್ಷ ಬರೆದಳು. ಬೆಲೆಯ ಅಂಕಣವನ್ನೂ ಬಿಡಲಿಲ್ಲ. ಒಂದು ಪ್ರತಿ ಆ ಕೌಂಟಿಯ ಗ್ರಂಥಾಲಯಕ್ಕೆ ಹೋಯಿತು, ಇನ್ನೊಂದು ಮೊಮ್ಮಗಳ ವಂಶವೃಕ್ಷದ ಹಾಳೆಯ ಜೊತೆಗೇ ಮಡಚಿ ಇಟ್ಟಿದ್ದೇವೆ.